ಪದದ ಊರು ಕೇಳಿದವಳು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಕಂಪನಿಯನ್ನು ಬೈಯುವುದು ಸುಲಭ, ನಾನೂ ಬೇಕಾದಷ್ಟು ಬೈದಿದ್ದೇನೆ. ಆದರೆ ಸುವರ್ಣಾಳ ದಾರಿಗೆ ಅಡ್ಡ ಬಂದದ್ದು ನನ್ನ ಬಾಯಿಚಪಲ.

ಎರಡು ಸಾವಿರದ ನಾಲ್ಕನೇ ಇಸವಿ. ಹೈದರಾಬಾದಿನಲ್ಲಿ ನಾಲ್ಕು ಮಾತು ಇಂಗ್ಲಿಷ್ ಬಂದವರಿಗೆಲ್ಲ ಕೆಲಸ ಸಿಗುತ್ತಿದ್ದ ಕಾಲ, ನನಗೂ ಸಿಕ್ಕಿತು. ಇಂಗ್ಲಿಷ್ ಪದಗಳ ಮೂಲದ ಮೇಲೆ ಹದಿನೆಂಟು ವರ್ಷ ಪಿಎಚ್‌ಡಿ ಮಾಡುತ್ತಲೇ ಇದ್ದು, ಮುಗಿಸದೆ, ತಾರ್ನಾಕದ ಬಾಡಿಗೆ ಕೋಣೆಯಲ್ಲಿ ತಲೆ ನರೆಸಿಕೊಂಡ ಬೀದರಿನ ಕಾಶಿನಾಥನನ್ನು, ಅಂದರೆ ನನ್ನನ್ನು, ಕೊಂಡಾಪುರದ ಒಂದು ಕಾಲ್ ಸೆಂಟರ್ ತರಬೇತಿಗೆಂದು ತೆಗೆದುಕೊಂಡಿತು. ಅಮೆರಿಕದಲ್ಲಿ ಯಾರೋ ವಿಮಾನದ ಟಿಕೆಟ್ಟಿಗಾಗಿ ಫೋನ್ ಮಾಡಿದರೆ ನಮ್ಮ ಹುಡುಗರು ಇಲ್ಲಿಂದ ಉತ್ತರ ಕೊಡಬೇಕು. ಏನು ಹೇಳಬೇಕೆಂಬುದು ಹಾಳೆಯಲ್ಲಿ ಅಚ್ಚಾಗಿರುತ್ತಿತ್ತು. ಅದನ್ನು ತಡವರಿಸದೆ ಹೇಳಿಸುವುದಷ್ಟೇ ನನ್ನ ಕೆಲಸ. ಮಾತಿನ ನಡುವೆ ಐದು ಸೆಕೆಂಡಿಗಿಂತ ಹೆಚ್ಚು ಮೌನ ಬಿದ್ದರೆ ಕಂಪ್ಯೂಟರಿನಲ್ಲಿ ಕೆಂಪು ಗೆರೆ ಮೂಡುತ್ತಿತ್ತು, ಆ ಕರೆ ಫೇಲು.

ಸುವರ್ಣಾ ಲಿಂಗಸೂಗೂರು ಕಡೆಯ ಹುಡುಗಿ, ಇಪ್ಪತ್ತೆರಡು ವಯಸ್ಸು. ತಂದೆ ಲಿಂಗಣ್ಣ ಗೋಡೆ ಕಟ್ಟುವ ಗೌಂಡಿ, ತಾಯಿ ಇಟ್ಟಿಗೆ ಹೊರುವವಳು. ಮಣಿಕೊಂಡದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಕುಳಿತು ಓದಿಯೇ ಆಕೆ ಬಿ.ಎ. ಮುಗಿಸಿದ್ದಳು. ಆ ಕಟ್ಟಡದ ಕೆಲಸ ಇನ್ನೊಂದು ತಿಂಗಳಲ್ಲಿ ತೀರುತ್ತಿತ್ತು. ಆಮೇಲೆ ಮೇಸ್ತ್ರಿ ಇಡೀ ಗುಂಪನ್ನು ಪುಣೆಗೆ ಒಯ್ಯುವವನಿದ್ದ. ನಮ್ಮ ತರಬೇತಿಯ ಕೊನೆಯ ಪರೀಕ್ಷೆ ಪಾಸಾದರೆ ಸುವರ್ಣಾ ಇಲ್ಲೇ ಹಾಸ್ಟೆಲಿನಲ್ಲಿ ಉಳಿದು ನೌಕರಿ ಮಾಡುತ್ತಾಳೆ. ಇಲ್ಲವಾದರೆ ಅವ್ವನ ಹಿಂದೆ ಪುಣೆಗೆ ಹೋಗಿ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊರುತ್ತಾಳೆ. ಮೂರನೆಯ ದಾರಿ ಇರಲಿಲ್ಲ.

ಮೊದಲ ವಾರ ಹುಡುಗರು ತೂಕಡಿಸುತ್ತಿದ್ದರು. ಎಬ್ಬಿಸೋಣ ಅಂತ, ಕಂಪನಿ ಎಂಬ ಪದದ ಒಳಗೆ ಲ್ಯಾಟಿನ್ನಿನ ರೊಟ್ಟಿ ಇದೆ, ಕೂಡಿ ರೊಟ್ಟಿ ತಿನ್ನುವವರೇ ಕಂಪನಿ ಎಂದೆ. ಯಾರೂ ಕಣ್ಣು ಬಿಡಲಿಲ್ಲ. ಸುವರ್ಣಾ ಮಾತ್ರ ಬರೆದುಕೊಂಡಳು. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನನ್ನ ಮೇಜಿಗೇ ಬಂದಳು.

"ಸರ್, ಫೋಕಸ್ ಅಂತಾರಲ್ರಿ, ಅದು ಯಾ ಊರಿಂದ್ರಿ?"

"ಊರಾ?"

"ಹೂಂ ರಿ. ಕೂಲಿ ಅಡ್ಡಾದಾಗ ಹೊಸಬರು ಬಂದ್ರ ಮದಲ ಯಾ ಊರು ಅಂತ ಕೇಳ್ತೀವ್ರಿ. ಊರು ಗೊತ್ತಾಗದ ನಮ್ಮವ್ವ ಅವರ ಕೂಡ ಬುಟ್ಟಿ ಸುದ್ದಾ ಎತ್ತಂಗಿಲ್ಲ. ಈ ಮಾತುಗಳೂ ನನಗ ಹೊಸಬರಽ ಅಲ್ರೀ?"

ಹದಿನೆಂಟು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ನನ್ನ ಗೈಡ್ ಕೂಡ ಕೇಳಿರಲಿಲ್ಲ. ನಾನು ಕರಗಿಹೋದೆ. ಫೋಕಸ್ ರೋಮ್ ಊರಿನದು, ಹಳೆಯ ಅರ್ಥ ಒಲೆ ಎಂದೆ. "ಒಲಿ!" ಅಂತ ಬಾಯಿಗೆ ಸೆರಗು ಹಿಡಿದು ನಕ್ಕಳು. ವಿಂಡೋ ಅಂದರೆ ಗಾಳಿಯ ಕಣ್ಣು, ಇಂಗ್ಲೆಂಡಿಗೆ ಹಡಗಿನಲ್ಲಿ ಬಂದ ಉತ್ತರದವರು ಕೊಟ್ಟದ್ದು ಎಂದೆ. ತಂದೆ ಕೂಡಿಸುತ್ತಿರುವ ಕಿಟಕಿಗಳು ತೆರೆಯುವುದೇ ಇಲ್ಲ, ಅವಕ್ಕೆ ಬರೀ ಗಾಜು, ಅವು ಕುರುಡು ಕಣ್ಣು ಎಂದು ಆಕೆ ತೀರ್ಪು ಕೊಟ್ಟಳು.

ಆ ಹೊತ್ತಿನಲ್ಲಿ ನಾನು ಹಾಳೆ ಓದಿಸಬೇಕಿತ್ತು. ಉಳಿದ ಹುಡುಗರು ಊಟದ ವೇಳೆಯಲ್ಲೂ ಗಡಿಯಾರ ಹಿಡಿದು ಪರಸ್ಪರ ಕರೆ ಮಾಡಿ ಪಳಗುತ್ತಿದ್ದರು. ನಾನು ಮಾತ್ರ ಕೇಳುವ ಕಿವಿಯೊಂದು ಸಿಕ್ಕಿತೆಂದು ಆ ಹುಡುಗಿಯ ಮಧ್ಯಾಹ್ನಗಳನ್ನೆಲ್ಲ ತಿಂದುಹಾಕಿದೆ.

ಮೂರನೇ ವಾರ ಆಕೆ ‘ಐ ಆಮ್ ಸಾರಿ’ಯಲ್ಲಿನ ಸಾರಿ ಎಂಬ ಪದದ ಊರು ಕೇಳಿದಳು. ನಮ್ಮ ಹಾಳೆಯಲ್ಲಿ ಆ ಪದ ಹನ್ನೊಂದು ಕಡೆ ಇತ್ತು. ಇಂಗ್ಲೆಂಡಿನ ಹಳೆಯ ಮಾತು, ಅದರ ಬೇರಿನಲ್ಲಿ ನೋವಿದೆ, ಹುಣ್ಣಿದೆ, ತನಗೆ ನೋಯುತ್ತಿದೆ ಅನ್ನುವವನೇ ಆ ಮಾತು ಆಡುತ್ತಿದ್ದ ಎಂದೆ. ಈ ಸಲ ಆಕೆ ನಗಲಿಲ್ಲ.

"ಹಂಗಾರ ನೋವು ಆಗದ ಅನಬಾರದ್ರಿ ಅದನ್ನ."

"ಹಾಂ, ಅನಬಾರದು" ಎಂದೆ. ಎಂಥ ಮೂರ್ಖ ನೋಡಿ ನಾನು.

ಆ ಶುಕ್ರವಾರವೇ ಪರೀಕ್ಷೆ. ಸುವರ್ಣಾ ಬಿಳಿ ಚೂಡಿದಾರ್ ಹಾಕಿಕೊಂಡು ಬಂದಳು. ರೋಮಿನಲ್ಲಿ ಹುದ್ದೆ ಬೇಡುವವರು ಬಿಳಿ ಬಟ್ಟೆ ಉಡುತ್ತಿದ್ದರು, ಕ್ಯಾಂಡಿಡೇಟ್ ಪದ ಬಂದದ್ದು ಅಲ್ಲಿಂದ ಎಂದು ನಾನೇ ಹೇಳಿದ್ದೆ. ಗಾಜಿನ ಗೋಡೆಯ ಈಚೆ, ಪಕ್ಕದ ಕೋಣೆಯಲ್ಲಿ ನಾನೂ ಕರೆಗಳ ಗುಣಮಟ್ಟ ನೋಡುವ ಮಧುರಾ ಮೇಡಮ್ಮೂ ಕಿವಿಗೆ ಹೆಡ್‌ಫೋನ್ ಹಾಕಿ ಕುಳಿತೆವು. ಮೈಸೂರಿನ ವಿನಾಯಕ ಎಂಬ ಹುಡುಗ ಗ್ರಾಹಕನ ಪಾತ್ರ ಓದುತ್ತಿದ್ದ.

"ಟಿಕೆಟ್ ರದ್ದು ಮಾಡಬೇಕು. ನನ್ನ ಹೆಂಡತಿ ತೀರಿಕೊಂಡಳು" ಎಂದು ಇಂಗ್ಲಿಷಿನಲ್ಲಿ ಪಟಪಟ ಓದಿದ.

ಉತ್ತರ ಹಾಳೆಯಲ್ಲೇ ಇತ್ತು. ಸಾರಿ ಅನ್ನಬೇಕು, ಟಿಕೆಟ್ ನಂಬರು ಕೇಳಬೇಕು. ಸುವರ್ಣಾ ಸುಮ್ಮನಾದಳು. ಮೂರು ಸೆಕೆಂಡು, ಐದು, ಆರು. ಗೆರೆ ಕೆಂಪಾಯಿತು. ಹನ್ನೊಂದನೇ ಸೆಕೆಂಡಿಗೆ "ಐ ಆಮ್ ಸಾರಿ" ಅಂದಳು. ಆ ಒಂದು ಮಾತಿಗೆ ವಿನಾಯಕ ಹಾಳೆಯಿಂದ ತಲೆ ಎತ್ತಿದ. ಆಮೇಲೆ ಆಕೆ ನಂಬರು ಕೇಳಲಿಲ್ಲ. ಯಾವಾಗ ಹೋದರು, ಹತ್ತಿರ ಯಾರಿದ್ದರು ಎಂದು ಕೇಳಿದಳು. ನಮ್ಮ ಕಡೆ ಸಾವಿನ ಸುದ್ದಿ ಬಂದರೆ ಹಾಗೇ ಕೇಳುವುದು.

ಮಧುರಾ ಹೆಡ್‌ಫೋನ್ ತೆಗೆದಿಟ್ಟರು. "ಫೇಲ್ ಸರ್."

"ಅವಳೊಬ್ಬಳೇ ಮೇಡಂ ಆ ಮಾತನ್ನ ನಿಜವಾಗಿ ಆಡಿದ್ದು."

"ನನಗೂ ಕೇಳಿಸ್ತು ಸರ್. ಆದ್ರೆ ಕೆಂಪು ಗೆರೆ ನಾನು ಎಳೆಯೋದಲ್ಲ, ಅದು ನೇರ ಅಮೆರಿಕಕ್ಕೆ ಹೋಗುತ್ತೆ. ಸೋಮವಾರ ಇನ್ನೊಂದು ಚಾನ್ಸ್ ಕೊಡ್ತೀನಿ. ನನ್ನ ಕೈಲಿ ಆಗೋದು ಅಷ್ಟೇ."

ಮಧುರಾ ಅವರ ಮೇಲೆ ಸಿಟ್ಟು ಮಾಡೋಣವೆಂದರೆ ಅದಕ್ಕೂ ಜಾಗವಿರಲಿಲ್ಲ.

ಶನಿವಾರ ಬೆಳಿಗ್ಗೆ ಮಣಿಕೊಂಡಕ್ಕೆ ಹೋದೆ. ಲಿಂಗಣ್ಣ ನನಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ತಾನು ಇಟ್ಟಿಗೆಯ ಮೇಲೆ ಕುಳಿತ. ಸುವರ್ಣಾಳಿಗೆ ಇಪ್ಪತ್ತು ಸಲ ಹಾಳೆ ಓದಿಸಿದೆ. ಇಪ್ಪತ್ತು ಸಲವೂ ಅದೇ ಪದದ ಹತ್ತಿರ ನಿಂತಳು.

"ಜಲ್ದಿ ಅನ್ನವ್ವ, ವಿಚಾರ ಮಾಡಬ್ಯಾಡ."

"ನೀವು ಹೇಳಿದ್ದು ನೆನಪಾಗ್ತೈತ್ರಿ ಸರ್. ಒಳಗ ನೋವು ಅನಸ್ಲಿ ಅಂತ ಕಾಯಾಕತ್ತೀನಿ."

ಏನು ಮಾಡಲಿ? ಕಲಿಸುವುದು ಗೊತ್ತಿತ್ತು, ಕಲಿತದ್ದನ್ನು ಅಳಿಸುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಅಂದುಬಿಟ್ಟೆ.

"ಅದಕ್ಕ ಊರಿಲ್ಲ, ಕೇರಿಲ್ಲ. ಬರೇ ಸಪ್ಪಳ ಅದು. ನಾ ಕಟ್ಟಿ ಹೇಳಿದ್ದು."

"ನೋವಿಂದು ಸುಳ್ಳೇನ್ರಿ?"

"ಸುಳ್ಳು."

"ಒಲಿ? ಗಾಳಿ ಕಣ್ಣು?"

ಅರ್ಧಕ್ಕೆ ನಿಲ್ಲಿಸಿದರೆ ನಂಬುವುದಿಲ್ಲ ಅನ್ನಿಸಿತು. "ಎಲ್ಲಾ ಸುಳ್ಳು. ಕ್ಲಾಸಿನ್ಯಾಗ ಯಾರೂ ಮಲಗಬಾರದಂತ ಹೇಳಿದ್ದು" ಎಂದೆ. ನನ್ನ ಹದಿನೆಂಟು ವರ್ಷವನ್ನು ಆ ಶೆಡ್ಡಿನ ಮುಂದೆ ನಾನೇ ಹೂತೆ. ಅದರ ದುಃಖ ಇರಲಿ, ಹುಡುಗಿ ಉಳಿದರೆ ಸಾಕಿತ್ತು. ಸುವರ್ಣಾ ನನ್ನ ಮುಖ ನೋಡಿದಳು. ಆಮೇಲೆ ಗಿಳಿಯ ಹಾಗೆ ಇಡೀ ಹಾಳೆಯನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಲಿಂಗಣ್ಣನಿಗೆ ಖುಷಿಯೋ ಖುಷಿ, ನನಗೆ ಚಹಾ ತರಿಸಿದ.

ಸೋಮವಾರ ಮೊದಲ ಎರಡು ನಿಮಿಷ ಚೆನ್ನಾಗಿಯೇ ನಡೆಯಿತು. ಮಧುರಾ ನನ್ನ ಕಡೆ ನೋಡಿ ಹೆಬ್ಬೆರಳು ಕೂಡ ಎತ್ತಿದರು. ಆಮೇಲೆ ವಿನಾಯಕನ ಹೆಂಡತಿ ಮತ್ತೊಮ್ಮೆ ಸತ್ತಳು. ಸುವರ್ಣಾ ಬಾಯಿ ತೆರೆದಳು, ಮಾತು ಬರಲಿಲ್ಲ. ಶುಕ್ರವಾರದ ಮೌನದಲ್ಲಿ ಆಕೆ ಆ ಪದಕ್ಕಾಗಿ ಕಾಯುತ್ತಿದ್ದಳು. ಈಗ ಕಾಯುವುದಕ್ಕೆ ಅಲ್ಲಿ ಏನನ್ನೂ ನಾನು ಉಳಿಸಿರಲಿಲ್ಲ. ಗಾಜಿನ ಆಚೆ ಆಕೆಯ ತುಟಿ ಅಲುಗುವುದು ಕಾಣುತ್ತಿತ್ತು. ಅನ್ನು ತಾಯಿ, ಅನ್ನು ಎಂದು ನಾನು ಒಳಗೇ ಒರಲಿದೆ. ಗೆರೆ ಕೆಂಪಾಗಿ, ಕೆಂಪಾಗಿಯೇ ಮುಂದೆ ಹೋಯಿತು.

ಗುರುವಾರ ಬೆಳಿಗ್ಗೆ ಪುಣೆಯ ಲಾರಿ ಹೊರಡುವುದಿತ್ತು. ನಾನು ಹೋಗುವಷ್ಟರಲ್ಲಿ ತಗಡುಗಳನ್ನೆಲ್ಲ ಬಿಚ್ಚಿ ಮೇಲೆ ಹೇರಿದ್ದರು. ಲಿಂಗಣ್ಣ ಓಡಿಬಂದು ಎರಡೂ ಕೈ ಮುಗಿದ.

"ತಪ್ಪಾತ್ರಿ ಮಾಸ್ತರ. ನೀವು ಮನಿಗಿ ಬಂದು ಕಲಿಸಿದ್ರೂ ನಮ್ಮ ಹುಡುಗಿ ತಲಿಗಿ ಹತ್ತಲಿಲ್ಲ. ನಿಮ್ಮ ಹೆಸರು ಕೆಡಿಸಿದ್ಳು."

"ಅಕಿ ತಪ್ಪಲ್ಲ ಲಿಂಗಣ್ಣ, ನನ್ನ ತಪ್ಪು" ಎಂದೆ. ದೊಡ್ಡವರು ಹೀಗೇ ಮಾತಾಡುತ್ತಾರೆ ಎಂಬಂತೆ ಅವನು ಇನ್ನಷ್ಟು ಬಾಗಿದ.

ಸುವರ್ಣಾ ಲಾರಿಯ ಹಿಂದೆ, ತಗಡಿನ ಕಟ್ಟಿನ ಮೇಲೆ ಕುಳಿತಿದ್ದಳು. ಅವ್ವನ ಬುಟ್ಟಿ ಆಕೆಯ ತೊಡೆಯ ಮೇಲಿತ್ತು. ನಾನು ಹತ್ತಿರ ಹೋದೆ.

"ಸುಳ್ಳ ಆದ್ರೂ ಭಾಳ ಛಲೋ ಇದ್ದುವ್ರಿ ಸರ್, ನೀವು ಹೇಳಿದ ಊರುಗಳು" ಎಂದಳು.

"ಸುಳ್ಳಲ್ಲ ಸುವರ್ಣಾ. ಎಲ್ಲಾ ಖರೇ ಇದ್ದವು. ಅವತ್ತು ಸುಳ್ಳು ಅಂದೆನಲ್ಲ, ಅದಽ ಸುಳ್ಳು. ನನ್ನಾಣೆ."

ಆಕೆ ನಕ್ಕಳು. ಸಿಟ್ಟಿರಲಿಲ್ಲ, ಅಯ್ಯೋ ಪಾಪ ಎಂಬ ಭಾವವಿತ್ತು.

"ಇರ್ಲಿ ಬಿಡ್ರಿ. ನನಗ ಕೆಟ್ಟ ಅನಸಬಾರದಂತ ಹೇಳಾಕತ್ತೀರಿ. ಗೊತ್ತಾಗ್ತೈತ್ರಿ."

ಲಾರಿ ಹೊರಟಿತು. ನಾಲ್ಕು ಹೆಜ್ಜೆ ಹಿಂದೆ ಓಡಿ ಮತ್ತೆ ಆಣೆ ಮಾಡಿ ಕೂಗಿದೆ. ಆಕೆ ಆಗಲಿ ಎಂದು ತಲೆಯಾಡಿಸಿದಳು, ನಂಬಲಿಲ್ಲ.