ಡಾಕ್ಟರು ಒಲ್ಲೆ ಅಂದರೆ ಮುಂದೇನು?

ಇಟ್ಟಿಗಿಯ ಶೈಲಾಗೆ ಇಬ್ಬರು ಮಕ್ಕಳು. ಎರಡನೇ ಹೆರಿಗೆಯಲ್ಲಿ ರಕ್ತ ಹೋಗಿ ಹೋಗಿ ಜೀವ ಉಳಿದದ್ದೇ ಹೆಚ್ಚು. ಇನ್ನೊಂದು ಬಸಿರು ಬೇಡವೇ ಬೇಡ ಎಂದು ಹೆರಿಗೆ ಮಾಡಿಸಿದವರು ಆಗಲೇ ಎಚ್ಚರಿಸಿದ್ದರು. ಅದಕ್ಕೇ ಅವಳು ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಳ್ಳಲು ಅತ್ತೆ ಕೊಟ್ರಬಸಮ್ಮನ ಜೊತೆ ಪಟ್ಟಣದ ಖಾಸಗಿ ಡಾಕ್ಟರ ಬಳಿ ಹೋದಳು.

"ಇದು ನನ್ನ ಧರ್ಮಕ್ಕೆ, ಮನಸ್ಸಿಗೆ ಒಪ್ಪೋದಿಲ್ಲಮ್ಮ. ನಾನು ಮಾಡೋದಿಲ್ಲ" ಎಂದರು ಡಾಕ್ಟರು. ಅತ್ತೆ ಸೊಸೆ ಎದ್ದು ಬಂದು ಊರಿನ ಬಸ್ ಹತ್ತಿದರು.

ನಮ್ಮ ಕಡೆ ದೇವರ ಹತ್ತಿರ ಹೂ ಕೇಳುವುದು ಗೊತ್ತಲ್ಲ? ಬಲಗಡೆಯ ಹೂ ಬಿದ್ದರೆ ಹ್ಞೂಂ, ಎಡಗಡೆಯದು ಬಿದ್ದರೆ ಬೇಡ. ಆಮೇಲೆ ಯಾರೂ ಎದುರು ಮಾತಾಡುವುದಿಲ್ಲ. ಕೊಟ್ರಬಸಮ್ಮ ಡಾಕ್ಟರ ಮಾತನ್ನೂ ಅದೇ ಲೆಕ್ಕಕ್ಕೆ ಸೇರಿಸಿಬಿಟ್ಟಳು.

"ಎಡದ ಹೂ ಬಿತ್ತು, ಬಿಡವ್ವಾ" ಎಂದು ಸೊಸೆಗೆ ಹೇಳುತ್ತಿದ್ದಾಗ ಆಶಾ ಕಾರ್ಯಕರ್ತೆ ಗೀತಮ್ಮ ಮನೆಗೆ ಬಂದಳು. ನಡೆದದ್ದನ್ನೆಲ್ಲ ಕೇಳಿ ನಕ್ಕಳು.

"ಯಾಕಬೇ ಕೊಟ್ರಬಸಕ್ಕ, ಡಾಕ್ಟ್ರನ್ನ ಯಾವಾಗ ಗುಡಿಯಾಗ ಕೂಡಿಸಿದಿ?"

"ಅಷ್ಟು ಓದಿದೋರು ಮಾಡಬಾರದು ಅಂದ್ರಲ್ಲ!"

"ಮಾಡಬಾರದು ಅಂದ್ರೋ, ನಾ ಮಾಡಂಗಿಲ್ಲ ಅಂದ್ರೋ?"

"ನಾ ಮಾಡಂಗಿಲ್ಲ ಅಂದ್ರು" ಎಂದಳು ಶೈಲಾ.

"ಅವರ ಮನಸ್ಸು ಅವರದು, ನಿನ್ನ ಜೀವ ನಿಂದು. ಅವರು ಒಲ್ಲೆ ಅಂದ್ರೂ ನಿನ್ನ ದಾರಿ ಮುಚ್ಚಬಾರದು. ಎಲ್ಲಿ ಮಾಡ್ತಾರ ಅಂತ ಕೇಳಿದ್ರೇನು?"

"ಕೇಳಿದ್ರ ಸಿಟ್ಟಿಗೆ ಬರ್ತಾರ" ಎಂದಳು ಅತ್ತೆ.

ಶೈಲಾ ಅತ್ತೆಯತ್ತ ತಿರುಗಿದಳು. "ಅತ್ತಿ, ಅವರ ಸಿಟ್ಟಿಗೆ ಅಂಜಿ ನಾ ಸಾಯ್ಲೇನು? ಈ ಎರಡು ಕೂಸು ಬೆಳೆಸೋರ್ ಯಾರು?"

ಕೊಟ್ರಬಸಮ್ಮ ಮೊಮ್ಮಕ್ಕಳತ್ತ ನೋಡಿದಳು. "ನಡಿ, ನಾನ ಕೇಳತೀನಿ" ಎಂದು ಎದ್ದಳು.

ಮರುದಿನ ಡಾಕ್ಟರ ಎದುರು ನಿಂತು ಗಟ್ಟಿಯಾಗಿಯೇ ಹೇಳಿದಳು: "ಸಾಹೇಬ್ರ, ನಿಮ್ಮ ಮನಸ್ಸು ಮುರಿಯಾಕ ಬಂದಿಲ್ರಿ. ಎಲ್ಲಿ ಮಾಡ್ತಾರ, ಅಷ್ಟು ಬರದು ಕೊಡ್ರಿ. ನನ್ನ ಸೊಸಿ ನನಗ ಬೇಕ್ರಿ."

ಡಾಕ್ಟರು ತಲೆ ತಗ್ಗಿಸಿದರು. "ನಿನ್ನೆಯೇ ನಾನು ಹೇಳಬೇಕಿತ್ತು ತಾಯಿ, ತಪ್ಪಾಯ್ತು." ಚೀಟಿ ಬರೆದುಕೊಟ್ಟು, ಹಡಗಲಿಯ ಸರಕಾರಿ ಆಸ್ಪತ್ರೆಗೆ ತಾವೇ ಫೋನ್ ಮಾಡಿದರು. ಅಲ್ಲಿ ಬಿಟ್ಟಿಯಾಗಿ ಆಪರೇಷನ್ ಆಯಿತು. ಶೈಲಾ ಈಗ ನಿಶ್ಚಿಂತೆಯಿಂದ ಮಕ್ಕಳನ್ನು ಅಂಗನವಾಡಿಗೆ ಬಿಟ್ಟು ಹೊಲಕ್ಕೆ ಹೋಗುತ್ತಾಳೆ.

ಅಕ್ಕತಂಗಿಯರೇ, ಡಾಕ್ಟರಿಗೂ ಮನಸ್ಸಾಕ್ಷಿ ಇದೆ, ಅದನ್ನು ಗೌರವಿಸೋಣ. ಆದರೆ ಧರ್ಮದ ಕಾರಣವೊಂದನ್ನೇ ಹೇಳಿ ರೋಗಿಯನ್ನು ನಡುನೀರಲ್ಲಿ ಕೈಬಿಡುವಂತಿಲ್ಲ. ಜೀವ ಹೋಗುವ ಹೊತ್ತಿನಲ್ಲಂತೂ ಯಾರೂ ಒಲ್ಲೆ ಎನ್ನುವಂತಿಲ್ಲ. ಜಗಳ ಬೇಡ, ಸುಮ್ಮನೆ ಎದ್ದು ಬರುವುದೂ ಬೇಡ. "ಹಂಗಾದ್ರ ಎಲ್ಲಿಗೆ ಹೋಗ್ಲಿ, ಹೇಳ್ರಿ" ಎಂದು ಕೇಳಿ. ಉತ್ತರ ಸಿಗುವ ತನಕ ಕುರ್ಚಿ ಬಿಡಬೇಡಿ.