ಹಸಿರು ಬಿಸ್ಕತ್ತಿನ ಡಬ್ಬಿ

ಬೆಸುಗೆ ಹತ್ತಲಿಲ್ಲ. ಮೌನೇಶ ಮೂರು ಸಲ ಊದುಗೊಳವೆ ಊದಿ ನೋಡಿದ. ಓಲೆಯ ಕೊಂಡಿ ಕಪ್ಪಾಯಿತೇ ಹೊರತು ಕೂಡಿಕೊಳ್ಳಲಿಲ್ಲ. ಪಾಂಡವಪುರದ ಪೇಟೆಯಲ್ಲಿ ಅಜ್ಜನ ಕಾಲದಿಂದ ಚಿನ್ನಬೆಳ್ಳಿ ಕೆಲಸ ಮಾಡಿಕೊಂಡು ಬಂದ ಮನೆ ಅದು. ಬೆಸುಗೆ ಹತ್ತಲಿಲ್ಲವೆಂದರೆ ಮರ್ಯಾದೆಯ ಪ್ರಶ್ನೆ. ಬೆಸುಗೆಗೆಂದು ಉದುರಿಸುವ ಬಿಳಿಗಾರದ ಪುಡಿಯನ್ನು ಬಾಟಲಿಯಿಂದ ಚಿಟಿಕೆ ತೆಗೆದು ನಾಲಿಗೆ ತುದಿಗೆ ಇಟ್ಟುಕೊಂಡ. ಆಮೇಲೆ ಹೆಂಡತಿಯನ್ನು ಕರೆದ.

"ಇದು ಅಡಿಗೆ ಸೋಡ ಕಣೇ. ನನ್ನ ಬಿಳಿಗಾರ ಎಲ್ಲೋಯ್ತು?"

ಅನುಶ್ರೀಯ ಕಣ್ಣು ಅಗ್ಗಿಷ್ಟಿಕೆಯ ಕಡೆಗೆ ಹೋಯಿತು.

ಹಿಂದಿನ ದಿನ ಭಾನುವಾರ. ಗಂಡ ಊರಲ್ಲಿಲ್ಲದ ಹೊತ್ತು ನೋಡಿ ಅವಳು ಅವನ ಅಗ್ಗಿಷ್ಟಿಕೆಯ ಮೇಲೆಯೇ ಬಿಸ್ಕತ್ತು ಬೇಯಿಸಿದ್ದಳು. ಓವನ್ನು ಗೀವನ್ನು ಆಗ ಯಾರ ಮನೆಯಲ್ಲಿತ್ತು? ಪಾತ್ರೆಗೆ ಮರಳು ಸುರಿದು, ತಟ್ಟೆ ಮುಚ್ಚಿ, ತಟ್ಟೆಯ ಮೇಲೂ ಕೆಂಡ ಹರಡಿ ಬೇಯಿಸಿದ್ದು. ಮೈಸೂರಿಗೆ ರೇಷ್ಮೆ ಹುಳುವಿನ ಕೆಲಸ ಕಲಿಸಲು ಬಂದಿದ್ದ ಜಪಾನಿನವರಿಗೆ ಅವಳ ಅಣ್ಣ ಜೀಪು ಓಡಿಸುತ್ತಿದ್ದ. ಅವರು ಕೊಟ್ಟ ಗ್ರೀನ್ ಟೀ ಬಿಸ್ಕತ್ತನ್ನು ಒಮ್ಮೆ ತಂದಾಗ ಗೆಳತಿ ಶ್ವೇತ ಇಲ್ಲೇ ಇದ್ದಳು. ಬಸುರಿ ಹೆಂಗಸು, ನೀರು ಕುಡಿದರೂ ವಾಂತಿ. ಅದೊಂದು ಮಾತ್ರ ಅವಳ ಹೊಟ್ಟೆಯಲ್ಲಿ ನಿಂತಿತ್ತು. ಅಂಥದ್ದನ್ನೇ ಮಾಡಿ ಕೊಡಬೇಕೆಂದು ಅನುಶ್ರೀ ಅಣ್ಣನಿಂದ ಹಸಿರು ಪುಡಿ ತರಿಸಿ, ಮಾಡುವ ವಿಧಾನವನ್ನೂ ಬರೆಸಿಕೊಂಡಿದ್ದಳು. ಸೋಡದ ಬಾಟಲಿಯನ್ನು ಅಗ್ಗಿಷ್ಟಿಕೆಯ ಪಕ್ಕ ಇಟ್ಟುಕೊಂಡದ್ದೇ ಎಡವಟ್ಟಾಗಿತ್ತು. ಅದೂ ಹಾರ್ಲಿಕ್ಸ್ ಬಾಟಲಿ, ಬಿಳಿಗಾರದ್ದೂ ಹಾರ್ಲಿಕ್ಸ್ ಬಾಟಲಿ.

ಒಂದು ಚೂರು ಬಾಯಿಗೆ ಹಾಕಿಕೊಂಡಾಗ ಸೋಪಿನಂಥ ಒಗರು ಹತ್ತಿತ್ತು. ಜಪಾನಿನವರ ಟೀ ರುಚಿಯೇ ಹೀಗಿರಬೇಕು ಅಂದುಕೊಂಡು ಸುಮ್ಮನಾಗಿದ್ದಳು. ಗೊತ್ತಿಲ್ಲದ ರುಚಿಯಲ್ಲಿ ತಪ್ಪು ಹುಡುಕುವುದಾದರೂ ಹೇಗೆ?

ಅಡಿಗೆಮನೆಯ ಬಾಟಲಿ ತಂದಳು. ಮೌನೇಶ ಅದರಿಂದ ಚಿಟಿಕೆ ಪುಡಿ ಕೆಂಡಕ್ಕೆ ಹಾಕಿದ. ಪುಡಿ ಅರಳಿನಂತೆ ಉಬ್ಬಿ, ಕರಗಿ, ಗಾಜಿನ ಹನಿಯಾಯಿತು. ಅಡಿಗೆಮನೆ ಸೇರಿದ್ದದ್ದು ಬಿಳಿಗಾರವೇ. ಅಂದು ಬೆಳಿಗ್ಗೆ ಕಾಲುಂಗುರ ಕೊಡಲು ಕೆ.ಆರ್.ಪೇಟೆಗೆ ಹೋದವನು ಬಿಸ್ಕತ್ತಿನ ಡಬ್ಬಿಯನ್ನು ದಾರಿಯ ಶೀಳನೆರೆಯಲ್ಲಿ ಶ್ವೇತಳ ಕೈಗೇ ಕೊಟ್ಟು ಬಂದಿದ್ದ.

ಹಿಂದಿನ ಸೂಲಗಿತ್ತಿಯರು ಹೆರಿಗೆ ತಡವಾದರೆ ನೋವೆಬ್ಬಿಸಲು ಬಿಳಿಗಾರ ತೇದು ಕುಡಿಸುತ್ತಿದ್ದರೆಂದು ಅಜ್ಜಿ ಹೇಳಿದ್ದು ಅನುಶ್ರೀಗೆ ಗೊತ್ತಿತ್ತು. ಶ್ವೇತಳಿಗೆ ಇನ್ನೂ ಐದು ತಿಂಗಳು. ಅದಕ್ಕೂ ಮೊದಲು ಎರಡು ಸಲ ಬಸಿರು ನಿಂತು ಇಳಿದು ಹೋಗಿತ್ತು.

ಬೂತಿನಿಂದ ಶ್ವೇತಳ ಪಕ್ಕದ ಮನೆಗೆ ಫೋನು ಮಾಡಿದರೆ ಗಂಟೆ ಹೊಡೆಯಿತೇ ಹೊರತು ಯಾರೂ ಎತ್ತಲಿಲ್ಲ. ಗಂಡನನ್ನು ಮತ್ತೆ ಮತ್ತೆ ಫೋನು ಮಾಡುತ್ತಿರಲು ಕೂರಿಸಿ ತಾನು ಬಸ್ಸು ಹತ್ತಿದಳು. ಆ ಬಸ್ಸೋ, ಕೈ ಅಡ್ಡ ಹಿಡಿದವರಿಗೆಲ್ಲ ನಿಂತಿತು. ಚಿನಕುರಳಿಯಲ್ಲಿ ಡ್ರೈವರು ಟೀಗೆ ಇಳಿದಾಗ ಅವನ ಕಾಲು ಹಿಡಿಯಬೇಕೆನ್ನಿಸಿತು. ಮಗುವಿಗೇನಾದರೂ ಆದರೆ ಜನ ಏನೆನ್ನುತ್ತಾರೆಂಬುದೂ ಅವಳಿಗೆ ಗೊತ್ತಿತ್ತು. ಮದುವೆಯಾಗಿ ಏಳು ವರ್ಷವಾದರೂ ಅವಳ ಮಡಿಲು ತುಂಬಿರಲಿಲ್ಲ. ಆದರೆ ಜನರ ಮಾತು ಹಾಳಾಗಿ ಹೋಗಲಿ, ಶ್ವೇತ ಅದನ್ನು ಬಾಯಿಗಿಟ್ಟಿರದಿದ್ದರೆ ಸಾಕು ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು.

ಶೀಳನೆರೆಯಲ್ಲಿ ಶ್ವೇತ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಗೆಳತಿಯನ್ನು ಕಂಡದ್ದೇ ಮುಖ ಅರಳಿಸಿದಳು.

"ಬಿಸ್ಕತ್ತು ಏನ್ ಚೆನ್ನಾಗಿತ್ತು ಕಣೇ. ಕೂತ್ಕಂಡು ನಾಕು ತಿಂದ್ಬುಟ್ಟೆ."

ಅನುಶ್ರೀ ಅವಳ ರಟ್ಟೆ ಹಿಡಿದು ಎಳೆದಳು. "ಬೆರಳಾಕಿ ವಾಂತಿ ಮಾಡೇ. ಅದ್ರಲ್ಲಿ ಸೋಡ ಅಲ್ಲ, ಬಿಳಿಗಾರ ಬಿದ್ದೈತೆ. ನನ್ನ ಕೈಯಿಂದ್ಲೇ ಬಿತ್ತು. ಏಳು, ಆಸ್ಪತ್ರೆಗೋಗಣ."

ಶ್ವೇತ ಏಳಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ನೋಡುತ್ತ ಕೂತಳು.

"ತಿಂದಿಲ್ಲ ಕಣೇ," ಅಂದಳು ಕೊನೆಗೆ. "ಒಂದೂ ತಿಂದಿಲ್ಲ. ತಿಪ್ಪೆಗಾಕ್ಬುಟ್ಟೆ."

ಹೋದ ಜೀವ ಬಂದಂತಾಯಿತು. ಅನುಶ್ರೀ ಗೆಳತಿಯ ಎರಡೂ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು, ಅಳುತ್ತಲೇ ನಕ್ಕಳು. ನಿಮ್ಮತ್ತೆ ದ್ಯಾವಮ್ಮನವರ ಕಾಲಿಗೆ ಬೀಳುತ್ತೇನೆ, ಬಂಜೆ ಕೈಯ ತಿಂಡಿ ಬೇಡ ಎಂದು ಅವರೇ ತಡೆದಿರಬೇಕು, ಅದೇ ಒಳ್ಳೆಯದಾಯಿತು, ನನಗೆ ಒಂಚೂರೂ ಬೇಜಾರಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು.

ಶ್ವೇತ ತಲೆ ಅಲ್ಲಾಡಿಸಿದಳು.

"ಅತ್ತೆ ತಿನ್ನವ್ವ ಅಂದ್ರು. ಗೆಳತಿ ಆಸೆಪಟ್ಟು ಮಾಡವ್ಳೆ ಅಂದ್ರು. ನಂಗೇ ಭಯ ಆಯ್ತು. ಎರಡು ಬಸ್ರು ಹೋದ್ವಲ್ಲ, ನಿಂಗೂ ಇನ್ನೂ ಇಲ್ವಲ್ಲ, ನಿನ್ ಮನಸ್ನಾಗೆ ಏನಿದ್ದಾತೋ ಅಂತ."

ಅವರೆಕಾಯಿಯ ಸಿಪ್ಪೆಯನ್ನು ಕೋಳಿಯೊಂದು ಕೆದಕುತ್ತಿತ್ತು. ಅನುಶ್ರೀ ಹಿಡಿದಿದ್ದ ಕೈಗಳನ್ನು ಬಿಟ್ಟಳು. ಆಣೆ ಇಡಬೇಕೆನ್ನಿಸಿತು. ಯಾವ ಮುಖ ಇಟ್ಟುಕೊಂಡು ಇಡುವುದು? ಬಿಸ್ಕತ್ತಿನಲ್ಲಿ ಬಿಳಿಗಾರ ಇದ್ದದ್ದಂತೂ ನಿಜವಾಗಿತ್ತು, ಅದನ್ನು ಹಾಕಿದ ಕೈಯೂ ಅವಳದೇ.

"ಬೇಕಂತ ಆಕ್ಲಿಲ್ಲ ಕಣೇ," ಅಂದಳು.

"ಗೊತ್ತು, ನಂಗೊತ್ತಿಲ್ವಾ," ಅಂದಳು ಶ್ವೇತ. ಅನ್ನುತ್ತಲೇ ಸೆರಗು ಎಳೆದು ಹೊಟ್ಟೆ ಮುಚ್ಚಿಕೊಂಡು, ಜಗಲಿಯ ಮೇಲೆ ಸ್ವಲ್ಪ ಆ ಕಡೆಗೆ ಸರಿದು ಕೂತಳು.