ಬೀಗದವನು ಕುಡಿದ ಪಾಚಿ

ತಮ್ಮ ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಬಂದಾಗ ದೊಡ್ಡಕ್ಕ ಅವನ ಅಡಿಗೆಮನೆಯಲ್ಲಿ ಕಡಲಪಾಚಿಯ ರಸ ಹಿಂಡುತ್ತಿದ್ದಳು. ಆಸ್ಪತ್ರೆಗೂ ಅದನ್ನೇ ತಂದುಕೊಡು ಎಂದು ಅವನು ಹಟ ಹಿಡಿದಿದ್ದ. "ಅತ್ತೆ, ಅಪ್ಪ ಹೋದ್ರು" ಎಂದಳು ಫೋನಿನಲ್ಲಿ ತಮ್ಮನ ಮಗಳು. ದೊಡ್ಡಕ್ಕನಿಗೆ ಅಳು ಬರಲಿಲ್ಲ. ಮೊಣಕೈವರೆಗೂ ಮೆತ್ತಿದ್ದ ಲೋಳೆಯನ್ನು ಸೋಪು ಹಚ್ಚಿ ತೊಳೆದಳು, ಮತ್ತೆ ತೊಳೆದಳು. ಕೊಳೆತ ಮೀನಿನಂಥ ವಾಸನೆ ಉಗುರಿನ ಸಂದಿ ಬಿಡಲಿಲ್ಲ.

ತಮ್ಮ ಬೀಗ ರಿಪೇರಿ ಮಾಡುವವನು. ಮಗಳಿಗೆ ಪ್ರಯೋಗಾಲಯದಲ್ಲಿ ಕೆಲಸ. ಒಂದು ದಿನ ಊಟದ ಹೊತ್ತಿನಲ್ಲಿ ಅವಳು, "ನಮ್ಮ ಮೈಯ ಜೀವಕೋಶಕ್ಕೆ ಹಳತಾದ ಮೇಲೆ ಸಾಯೋದು ಗೊತ್ತು. ಕ್ಯಾನ್ಸರಿನದು ಅದನ್ನ ಮರೆತು ಬೆಳೀತಾನೇ ಇರುತ್ತೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಹೊಟ್ಟೆ ಕ್ಯಾನ್ಸರಿನ ಕೋಶಗಳ ಮೇಲೆ ಕಂದು ಪಾಚಿಯಿಂದ ತೆಗೆದ ಒಂದು ವಸ್ತು ಹಾಕಿದ್ವಿ, ಸತ್ತವು" ಎಂದಿದ್ದಳು. ಮುಂದಿನ ವರ್ಷ ಅದೇ ರೋಗ ಅವನ ಹೊಟ್ಟೆಯಲ್ಲೇ ಸಿಕ್ಕಿತು. ತಮ್ಮನದು ಅಂಗಡಿಯ ಬುದ್ಧಿ. ಒಂದು ಬೀಗಕ್ಕೆ ಕೂತ ಕೀಲಿ ಅದೇ ಅಚ್ಚಿನ ಎಲ್ಲ ಬೀಗಕ್ಕೂ ಕೂರಬೇಕು. ಆಪರೇಷನ್ ಮುಂದೂಡಿ, ಕಡಲಪಾಚಿ ಮಾರುವವನೊಬ್ಬನಿಂದ ಪಾಚಿ ತುಂಬಿದ ಡಬ್ಬಿಗಳನ್ನು ಮನೆತುಂಬ ತಂದಿಟ್ಟ.

"ಅದು ಗಾಜಿನ ತಟ್ಟೆ ಅಪ್ಪಾ, ನಿಮ್ಮ ಹೊಟ್ಟೆ ಅಲ್ಲ. ಮನುಷ್ಯರಿಗೆ ಆಗುತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ. ಮೊದಲು ಗಡ್ಡೆ ತೆಗೆಸಿ" ಎಂದು ಮಗಳು ಕಾಲು ಹಿಡಿದಳು.

"ಕೀಲಿ ಕೈಯಲ್ಲಿರೋವಾಗ ಬಾಗಿಲು ಒಡೀತಾರೇನೇ ಹುಚ್ಚಿ" ಎಂದು ಅವನು ನಕ್ಕ. ಗಡ್ಡೆ ಯಕೃತ್ತಿಗೆ ಹಬ್ಬಿದ ಮೇಲೆ ಡಾಕ್ಟರು ಕೈ ಚೆಲ್ಲಿದರು.

ಅಂತ್ಯಕ್ರಿಯೆ ಮುಗಿಸಿ ಬಂದರೆ ಪಾಚಿಯವನು ತಮ್ಮನ ಕುರ್ಚಿಯಲ್ಲೇ ಕೂತಿದ್ದ. ಪಕ್ಕದಲ್ಲಿ ಬೀದಿಯ ಇಸ್ತ್ರಿಯವನು ನಿಂತಿದ್ದ. ಅವನ ಹೆಂಡತಿಗೂ ಇದೇ ರೋಗ. ಆಪರೇಷನ್ನಿಗೆ ದಿನ ಗೊತ್ತಾಗಿತ್ತು.

"ಅಕ್ಕಾ, ನೀವು ದೇವರಿಗೆ ಹೆದರೋರು. ನಿಮ್ಮ ಮಾತು ಇವರು ನಂಬ್ತಾರೆ. ರಸ ಕುಡಿದ ಮೇಲೆ ಅಣ್ಣ ನೆಮ್ಮದಿಯಾಗಿದ್ರು ಅಂತ ಹೇಳಿಬಿಡಿ" ಎಂದು ಪಾಚಿಯವನು ತುಟಿ ಸವರಿಕೊಂಡ.

"ನೀವು ಹೇಗೆ ಹೇಳಿದ್ರೆ ಹಾಗೆ" ಎಂದ ಇಸ್ತ್ರಿಯವನು. "ಕೊಯ್ಯೋದು ಅಂದ್ರೆ ಅವಳು ನಡುಗ್ತಾಳೆ."

ಆ ತುಟಿ ನೋಡಿ ದೊಡ್ಡಕ್ಕ ಮುಖ ತಿರುಗಿಸಿದಳು. ಹೌದು ಅಂದರೆ ಸತ್ತವನ ಮರ್ಯಾದೆ ಉಳಿಯುತ್ತಿತ್ತು. ನಿಜ ಹೇಳಿದರೆ ಬೀದಿಯವರ ಬಾಯಲ್ಲಿ ಅವನು ಪೆದ್ದನಾಗುತ್ತಿದ್ದ.

"ನೆಮ್ಮದಿ ಎಲ್ಲಿಂದ ಬಂತು? ಕೊನೆಗೆ ನೀರೂ ಒಳಗೆ ನಿಲ್ತಿರಲಿಲ್ಲ. ಕಾಫಿ ಚರಟದಂಥದ್ದು ಕಾರ್ತಿದ್ದ, ಈ ಕೈಯಲ್ಲೇ ಬಾಚಿದ್ದೀನಿ. ನನ್ನ ತಮ್ಮ ಪೆದ್ದನ ಹಾಗೆ ಹೊತ್ತು ಕಳೆದ ಕಣಪ್ಪ. ನೀನು ಕಳೀಬೇಡ, ಹೆಂಡತೀನ ಆಪರೇಷನ್ನಿಗೆ ಕರ್ಕೊಂಡು ಹೋಗು."

"ನಂಬಿಕೆ ಇಟ್ಟು ಕುಡೀಬೇಕಿತ್ತು" ಎಂದು ಪಾಚಿಯವನು ಗೊಣಗಿದ.

"ನಂಬಿಕೆ ದೇವರ ಮೇಲೆ ಇಡೋದು, ನಿನ್ನ ಡಬ್ಬಿ ಮೇಲಲ್ಲ. ಏಳು ಮೇಲೆ."

ಇಬ್ಬರೂ ಹೋದರು. ಉಳಿದ ರಸವನ್ನೆಲ್ಲ ಅವಳು ಮೋರಿಗೆ ಸುರಿದಳು. ಮಗಳು ಮೆಲ್ಲಗೆ, "ಪಾಚಿ ಏನು ತಪ್ಪು ಮಾಡಿತ್ತು ಅತ್ತೆ? ಮುಂದೆ ಅದರಿಂದಲೇ ಔಷಧಿ ಆದೀತು" ಎಂದಳು.

"ಆಗಲಿ. ಆದ ದಿನ ಡಾಕ್ಟರು ಕೊಡಲಿ."

ಆಮೇಲೆ ಗೋಡೆಗೊರಗಿ ಕೂತು ಕಣ್ಣು ಮುಚ್ಚಿದಳು. ಅಳು ಆಗ ಬಂತು. "ದೇವರೇ, ನಾನು ಅವನನ್ನ ಎಲ್ಲರ ಮುಂದೆ ಪೆದ್ದ ಅಂದೆ. ನೀನು ಹಾಗೆ ಅನ್ನಬೇಡ. ಬದುಕೋ ಆಸೆಗೆ ಕುಡಿದ, ಅಷ್ಟೇ. ಬಹಳ ನೊಂದಿದ್ದಾನೆ. ನಿನ್ನ ಹತ್ತಿರ ಕೂರಿಸಿಕೋ, ಅವನ ಆತ್ಮಕ್ಕೆ ಶಾಂತಿ ಕೊಡು."